ಕಲ್ಗಿ-ತುರಾಯಿಯ ದಾಯಾದಿಗಳು: ಭೀಮಾತೀರದ ಹಾಡಕಿಯ ಚರಿತ್ರೆ

ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ, ನಡುವೆ ಉಪ್ಪುನೀರಿನ ಡೋಣಿ. ಈ ಹೊಳೆಗಳ ನಡುವಣ ಎರೆಯ ನೆಲದಲ್ಲಿ ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ ತಾಲೂಕುಗಳು ಹಬ್ಬಿಕೊಂಡಿವೆ. ಡೋಣಿ ಬೆಳೆದರೆ ಓಣಿಯೆಲ್ಲ ಜೋಳವೆಂಬ ಗಾದೆ ಅಲ್ಲಿ ಎಷ್ಟು ಹಳೆಯದೋ, ಮಳೆ ಕೈಬಿಟ್ಟ ವರ್ಷ ಗುಳೆ ಹೊರಡುವ ರೂಢಿಯೂ ಅಷ್ಟೇ ಹಳೆಯದು. ಹಿಂಗಾರಿಯ ಬಿಳಿಜೋಳ ಕಣಕ್ಕೆ ಬಂದು, ರಾಶಿಯಾಗಿ, ಹಗೇವಿಗೆ ಇಳಿದ ಮೇಲೆ ಮೃಗಶಿರಾ ಮಳೆಯ ತನಕ ಒಕ್ಕಲು ಮಕ್ಕಳಿಗೆ ದೊರೆಯುತ್ತಿದ್ದ ಆ ದೀರ್ಘ ವಿರಾಮದಲ್ಲಿ, ಊರೂರಿನ ಜಾತ್ರೆ, ಉರುಸು, ದ್ಯಾಮವ್ವನ ಉತ್ಸವಗಳ ನೆವದಿಂದ, ಹಗಲು ಕುಸ್ತಿಯೂ ರಾತ್ರಿ ಹಾಡಕಿಯೂ ನಡೆಯುತ್ತಿದ್ದುವು. ಹಾಡಕಿಯೆಂದರೆ ಗೀಗೀ ಮೇಳಗಳ ಸ್ಪರ್ಧೆ. ಒಂದೇ ಕಟ್ಟೆಯ ಮೇಲೆ ಎದುರುಬದುರಾಗಿ ನಿಂತ ಎರಡು ಮೇಳಗಳು, ಹೊತ್ತು ಮುಳುಗಿದಾಗಿನಿಂದ ಬೆಳ್ಳಿಚುಕ್ಕೆ ಮೂಡುವವರೆಗೆ, ಡಪ್ಪು ಬಾರಿಸುತ್ತ, ತುಂತುಣಿ ಮೀಟುತ್ತ, ಪುರಾಣವನ್ನೂ ವೇದಾಂತವನ್ನೂ ಶೃಂಗಾರವನ್ನೂ ಊರ ಸುದ್ದಿಯನ್ನೂ ಒಂದರ ಬೆನ್ನಿಗೊಂದು ಹಾಡುತ್ತ, ಒಬ್ಬರನ್ನೊಬ್ಬರು ಸೋಲಿಸಲು ಹೆಣಗುವ ವಿದ್ಯೆ ಅದು.

ಬೇರೆ ಬೇರೆ ನಾಡಿನ ಧಾಟಿಗಳನ್ನು ಬೆರಸಿ ಹಾಡುವ ವೃಂದಗಳಿಗೆ ಇಂದು ಜಗತ್ತಿನಲ್ಲೆಲ್ಲ ಮನ್ನಣೆಯುಂಟು. ಜಮೈಕಾ ದ್ವೀಪದ ರೆಗೆಯನ್ನೂ ಕೊಲಂಬಿಯದ ಕಡಲತಡಿಯ ಕುಂಬಿಯಾವನ್ನೂ ಒಂದೇ ರಂಗದ ಮೇಲೆ ಬೆಸೆಯುವ ಲ್ಯಾಟಿನ್ ಅಮೆರಿಕದ ಬ್ಯಾಂಡುಗಳ ಕಥೆ ಬರೆಯುವವರು ಅಲ್ಲಿ ಜನಾಂಗಗಳ ಮಿಲನವನ್ನೂ ಹೃದಯಗಳ ಸಮನ್ವಯವನ್ನೂ ಕಂಡು ಹರ್ಷಿಸುತ್ತಾರೆ. ಭೀಮಾತೀರದ ಹಾಡಕಿಯೂ ಅದೇ ಜಾತಿಯ ಮಿಶ್ರವಿದ್ಯೆ: ಅದರ ಲಯದ ನಡೆ ಬಹುಮಟ್ಟಿಗೆ ಮರಾಠಿ ತಮಾಷೆಯಿಂದ ಬಂದುದು, ಮಾತು ಬಿಜಾಪುರ ಸೀಮೆಯ ಕನ್ನಡ, ಸವಾಲು-ಜವಾಬು-ಖ್ಯಾಲಗಳೆಂಬ ಪರಿಭಾಷೆ ದಖನಿ ಉರ್ದುವಿನದು, ತತ್ತ್ವ ಶೈವ-ಶಾಕ್ತರದು, ಹಾಡುವವರಲ್ಲಿ ಲಿಂಗವಂತರು, ಮುಸಲ್ಮಾನರು, ಕುರುಬರು, ದಲಿತರು ಎಲ್ಲರೂ ಉಂಟು. ಇದನ್ನು ಭಾವೈಕ್ಯದ ನಿದರ್ಶನವೆಂದು ಸಭೆಗಳಲ್ಲಿ ಹೊಗಳುವುದು ವಾಡಿಕೆಯಾಗಿದೆ. ಹೊಗಳಿಕೆ ಸುಳ್ಳೆಂದು ನಾನು ಹೇಳಲಾರೆ. ಆದರೆ ಕಾರ್ಯವನ್ನೇ ಕಾರಣವೆಂದು ಭ್ರಮಿಸಿದ ದೋಷ ಅದರಲ್ಲಿದೆ. ಈ ಬೆರಕೆಯನ್ನು ಉಂಟುಮಾಡಿದುದು ಗೆಲ್ಲಬೇಕೆಂಬ ಹಟ. ಎದುರಾಳಿಯ ಬಾಯಿ ಕಟ್ಟಿಸಲು ಯಾವ ಧಾಟಿ ಒದಗೀತೋ ಅದನ್ನು, ಅದು ಯಾರ ಮನೆಯದಾದರೂ ಸರಿ, ಎತ್ತಿಕೊಂಡು ಬರುವ ನಿಸ್ಸಂಕೋಚ ಸ್ವಭಾವ.

ಬಿಜಾಪುರದ ಸಂಗೀತವೆಂದ ಕೂಡಲೆ ವಿದ್ವಾಂಸರ ನೆನಪು 1580ರಿಂದ 1627ರ ವರೆಗೆ ಆಳಿದ ಎರಡನೆಯ ಇಬ್ರಾಹಿಂ ಆದಿಲಶಹನ ಕಡೆಗೆ ಹರಿಯುತ್ತದೆ. ‘ಕಿತಾಬ್-ಎ-ನವರಸ್’ ಎಂಬ ದಖನಿ ಗೀತಗಳ ಗ್ರಂಥವನ್ನು ರಚಿಸಿ, ಅದರಲ್ಲಿ ಸರಸ್ವತಿಯನ್ನೂ ಗಣಪತಿಯನ್ನೂ ಗುಲಬರ್ಗೆಯ ಬಂದೇನವಾಜರನ್ನೂ ಸಮಾನ ಭಕ್ತಿಯಿಂದ ನೆನೆದು, ತನ್ನ ತಂಬೂರಿಗೆ ಮೋತಿಖಾನನೆಂದು ಹೆಸರಿಟ್ಟು ಮುದ್ದಿಸಿ, ಸಂಗೀತಗಾರರಿಗಾಗಿಯೇ ನವರಸಪುರವೆಂಬ ನಗರವನ್ನು ಕಟ್ಟಿಸತೊಡಗಿದ ಆ ರಸಿಕ ದೊರೆ ಸ್ತುತ್ಯನೇ ಸರಿ. ಆದರೂ ಹಾಡಕಿಯ ಬೇರನ್ನು ಅವನ ಅರಮನೆಯಲ್ಲಿ ಅರಸಿದರೆ ದಾರಿ ತಪ್ಪುತ್ತೇವೆ. ಅರಮನೆಯ ಆ ಹಾಡು ಒಬ್ಬನ ಅಭಿರುಚಿಯಿಂದ ಹುಟ್ಟಿ ಅವನ ಕಾಲದೊಡನೆ ಬಾಡಿತು. ನವರಸಪುರವನ್ನು 1624ರಲ್ಲಿ ಮಲಿಕ್ ಅಂಬರನ ಸೈನ್ಯ ಹಾಳುಗೆಡಹಿತು. ಉಳಿದುದು ಪಾಳೆಯದಲ್ಲಿಯೂ ಸಂತೆಯಲ್ಲಿಯೂ ಬೆಳೆದ ದಖನಿ ನುಡಿ, ಮತ್ತು ಮೊಹರಮ್ಮಿನ ಅಲಾವಿಯ ಸುತ್ತ ಹಿಂದುಗಳೂ ಮುಸಲ್ಮಾನರೂ ಹಸನ-ಹುಸೇನರ ಕಥೆಯನ್ನು ಕನ್ನಡದಲ್ಲಿ ಹಾಡುವ ರಿವಾಯತ ಪದಗಳು.

ಹಾಡಕಿಯ ನಿಜವಾದ ಪೂರ್ವಿಕರು ಬೀದಿಯವರು. ಉತ್ತರ ಹಿಂದುಸ್ತಾನದಿಂದ ಮಹಾರಾಷ್ಟ್ರದ ವರೆಗೆ ಲಾವಣಿ-ಖ್ಯಾಲಗಾರರ ಬಾಯಲ್ಲಿ ಉಳಿದು ಬಂದಿರುವ ಐತಿಹ್ಯದ ಪ್ರಕಾರ, ತುಕನಗಿರಿಯೆಂಬ ಶೈವ ಸಂನ್ಯಾಸಿಯೂ ಶಹಾಅಲಿಯೆಂಬ ಸೂಫಿ ಫಕೀರನೂ ಚಂದೇರಿಯ ಅರಸನ ಸಭೆಯಲ್ಲಿ ಹಾಡಿನ ವಾದಕ್ಕೆ ನಿಂತರು. ಒಬ್ಬನು ಶಿವನೇ ಮಿಗಿಲೆಂದನು, ಮತ್ತೊಬ್ಬನು ಶಕ್ತಿಯೇ ಮಿಗಿಲೆಂದನು. ಸೋಲುಗೆಲವುಗಳು ತೀರ್ಮಾನವಾಗದೆ ಅರಸನು ಮುಂಡಾಸಿನ ಆಭರಣಗಳಾದ ತುರಾಯಿಯನ್ನು ಸಂನ್ಯಾಸಿಗೂ ಕಲ್ಗಿಯನ್ನು ಫಕೀರನಿಗೂ ಕೊಟ್ಟು ಕಳುಹಿದನು. ಅಂದಿನಿಂದ ತುರಾಯಿಯವರು ಪುರುಷ ಪಕ್ಷದವರು, ಕಲ್ಗಿಯವರು ಪ್ರಕೃತಿ ಪಕ್ಷದವರು. ಶಕ್ತಿಯ ಪರವಾಗಿ ವಾದಿಸಿದವನು ಫಕೀರನೆಂಬುದು ಈ ಕಥೆಯ ಸೊಗಸು. ಪಕ್ಷವನ್ನು ಆರಿಸುವಾಗ ಮತವನ್ನು ಯಾರೂ ಕೇಳಲಿಲ್ಲವೆಂದಾಯಿತು. ಕನ್ನಡ ಸೀಮೆಯಲ್ಲಿ ಇವೇ ಎರಡು ಪಕ್ಷಗಳು ಹರದೇಶಿ, ನಾಗೇಶಿ ಎಂಬ ಹೆಸರಿನಿಂದ ಪ್ರಸಿದ್ಧವಾಗಿವೆ. ಹರದೇಶಿಯವರು ಹರನ ಹಿರಿಮೆಯನ್ನು ಹಾಡಬೇಕು, ನಾಗೇಶಿಯವರು ದೇವಿಯ ಹಿರಿಮೆಯನ್ನು. ಗುರುಪರಂಪರೆಯಿಂದ ಬಂದ ಪಕ್ಷವನ್ನು ನಡುವೆ ಬದಲಿಸುವುದು ಮರ್ಯಾದೆಯಲ್ಲ.

ಲಾವಣಿ ಭೀಮೆಯನ್ನು ದಾಟಿ ಬಂದ ಬಗೆಯನ್ನು ತಿಳಿಯಲು ಸೊಲ್ಲಾಪುರದ ಕಡೆಗೆ ನೋಡಬೇಕು. ಪೇಶವೆಯರ ಕಾಲದ ಮರಾಠಿ ಲಾವಣಿಕವಿಗಳಾದ ಶಾಹಿರರಲ್ಲಿ ಅಗ್ರಗಣ್ಯನಾದ ರಾಮಜೋಶಿ ಸೊಲ್ಲಾಪುರದವನು. ಹೋನಾಜಿ, ಪ್ರಭಾಕರ, ಅನಂತಫಂದಿ, ಮುಸಲ್ಮಾನನಾದ ಸಗನಭಾವು ಮೊದಲಾದವರು ಅವನ ಹಿಂದೆಮುಂದೆ ಆಗಿಹೋದರು. 1818ರಲ್ಲಿ ಪೇಶವಾಯಿ ಅಳಿದ ಮೇಲೆ ಪುಣೆಯ ಆಶ್ರಯ ತಪ್ಪಿದ ತಮಾಷೆಯ ಮೇಳಗಳಿಗೆ ಜಾತ್ರೆಗಳೇ ಗತಿಯಾದುವು. ಸಂಕ್ರಾಂತಿಗೆ ಸೊಲ್ಲಾಪುರದಲ್ಲಿ ಸಿದ್ಧರಾಮನ ಜಾತ್ರೆ, ಬಿಜಾಪುರದಲ್ಲಿ ಸಿದ್ಧೇಶ್ವರನ ಜಾತ್ರೆ. ಎರಡಕ್ಕೂ ಹೋಗಿಬರುವ ವ್ಯಾಪಾರಿ, ದನಗಾರ, ಕುಸ್ತಿಯ ಪೈಲವಾನ, ಹಾಡುಗಾರ, ಇವರಿಗೆ ಇಂಡಿಯೇ ಹಾದಿ. ನಾಡಿನ ಎಲ್ಲೆಗಳು ಇನ್ನೂ ನುಡಿಯ ಎಲ್ಲೆಗಳಾಗಿರದ ಆ ಕಾಲದಲ್ಲಿ, ಮುಂಬಯಿ ಪ್ರಾಂತದ ಒಂದೇ ಆಡಳಿತದೊಳಗಿದ್ದ ಈ ಸೀಮೆಯ ಜನಕ್ಕೆ ಎರಡು ಭಾಷೆಗಳೂ ಕಿವಿಗೆ ಒಗ್ಗಿದ್ದುವು. ಮರಾಠಿಯ ಧಾಟಿಯೊಂದು ಮನಸ್ಸಿಗೆ ಹಿಡಿಸಿದರೆ ಮರುವರ್ಷದ ಜಾತ್ರೆಯ ಹೊತ್ತಿಗೆ ಅದಕ್ಕೆ ಕನ್ನಡದ ಮಾತು ಕೂಡಿಕೊಂಡಿರುತ್ತಿತ್ತು.

ಲಾವಣಿಯ ಈ ವಲಸೆಗೆ ಬರಗಾಲವೂ ನೆರವಾಯಿತೆಂದರೆ ಕ್ರೂರವಾಗಿ ಕೇಳಿಸೀತು, ಆದರೂ ಸತ್ಯ. 1876ರಲ್ಲಿ ತೊಡಗಿದ ಮಹಾಕ್ಷಾಮದಲ್ಲಿ, ಆಗ ಕಲಾದಗಿಯೆಂದು ಹೆಸರಾಗಿದ್ದ ಈ ಜಿಲ್ಲೆ ತನ್ನ ಜನಸಂಖ್ಯೆಯ ಐದರಲ್ಲೊಂದು ಪಾಲಿಗಿಂತ ಹೆಚ್ಚನ್ನು ಕಳೆದುಕೊಂಡಿತು. ಸತ್ತವರು ಸತ್ತರು, ಬದುಕಿದವರು ಗುಳೆ ಹೋದರು. ಸೊಲ್ಲಾಪುರದ ಮೊದಲ ಬಟ್ಟೆಯ ಗಿರಣಿ ಎದ್ದುದು 1877ರಲ್ಲಿ. ಸೊಲ್ಲಾಪುರದ ಹತ್ತಿರದ ಹೋಟಗಿಯಿಂದ ಇಂಡಿಯ ಸೀಮೆಯನ್ನು ಹಾದು ಬಿಜಾಪುರದ ಮೇಲೆ ಗದಗಿಗೆ ರೈಲು ಓಡತೊಡಗಿದುದು 1880ರ ದಶಕದಲ್ಲಿ. ಗಿರಣಿಯ ಚಾಳಿನಲ್ಲಿ ವರ್ಷದ ಎಂಟು ತಿಂಗಳನ್ನು ಕಳೆದು ಬಿತ್ತನೆಗೆ ಊರಿಗೆ ಮರಳುವ ಕೂಲಿಕಾರನು, ಬೆನ್ನ ಮೇಲಿನ ಗಂಟಿನಲ್ಲಿ ಏನು ತಂದನೋ ಬಿಟ್ಟನೋ, ಬಾಯಲ್ಲಿ ತಮಾಷೆಯ ಹೊಸ ಚಾಲೊಂದನ್ನು, ಎಂದರೆ ಧಾಟಿಯೊಂದನ್ನು, ತರದೆ ಇದ್ದಿರಲಾರನು. ಹೀಗೆ ಬಂದ ಲಾವಣಿ ಬರಿಯ ಎರವಲಾಗಿ ಉಳಿಯದೆ ಈ ನೆಲದ ಸಂಗತಿಯನ್ನು ಹೇಳಲು ಕಲಿತಿತ್ತೆಂಬುದಕ್ಕೆ ಜಾನ್ ಫೇಥ್‌ಫುಲ್ ಫ್ಲೀಟರೇ ಸಾಕ್ಷಿ. ಶಾಸನಶಾಸ್ತ್ರದಲ್ಲಿ ಹೆಸರಾದ ಆ ಅಧಿಕಾರಿ, ಸಂಗೊಳ್ಳಿ ರಾಯಣ್ಣನ ಕಥೆಯನ್ನೂ, 1857ರಲ್ಲಿ ಆಯುಧ ಒಪ್ಪಿಸಲೊಲ್ಲದೆ ಕಾದಿ ಮಡಿದ ಹಲಗಲಿಯ ಬೇಡರ ಕಥೆಯನ್ನೂ ಹೇಳುವ ಲಾವಣಿಗಳನ್ನು ಬಾಯಿಂದ ಬರೆಸಿಕೊಂಡು 1880ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚು ಮಾಡಿಸಿದರು. ಆಳುವ ಸರಕಾರದ ಅಧಿಕಾರಿಯೇ ಆ ಸರಕಾರದ ವಿರುದ್ಧ ಎದ್ದವರ ಕೀರ್ತಿಯನ್ನು ಕಾಪಿಟ್ಟನೆಂಬುದು ಇತಿಹಾಸದ ವಿನೋದಗಳಲ್ಲೊಂದು.

ಮೇಳದ ಕಟ್ಟಡ ಬಲು ಸರಳ. ಮುಂದಾಳಾಗಿ ಹಾಡುವವನ ಕೈಯಲ್ಲಿ ಡಪ್ಪು. ಹಿಮ್ಮೇಳದ ಇಬ್ಬರಲ್ಲಿ ಒಬ್ಬನಿಗೆ ತುಂತುಣಿ, ಇನ್ನೊಬ್ಬನಿಗೆ ತಾಳ. ಒಂದು ತುದಿಗೆ ಚರ್ಮ ಬಿಗಿದ ಕೊಳವೆ, ಆ ಚರ್ಮದ ನಡುವಿನಿಂದ ಹೊರಟು ಪಕ್ಕದ ಕೋಲಿನ ಬಿರಡೆಗೆ ಏರಿದ ಒಂದೇ ತಂತಿ, ಇಷ್ಟೇ ತುಂತುಣಿ. ಶ್ರುತಿಯನ್ನೂ ಲಯವನ್ನೂ ಏಕಕಾಲಕ್ಕೆ ಹಿಡಿದು ನಿಲ್ಲಿಸುವ ಈ ಬಡ ವಾದ್ಯವನ್ನು ನಮ್ಮ ಸಂಗೀತಶಾಸ್ತ್ರಜ್ಞರು ಗಣನೆಗೆ ತಾರದಿರುವುದು ಅವರಿಗೇ ನಷ್ಟ. ಮುಂದಾಳು ಒಂದು ಸಾಲನ್ನು ಎಸೆದು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಹಿಮ್ಮೇಳದವರು ಗೀಗೀ ಎಂಬ ಸೊಲ್ಲಿನಿಂದ ಆ ಸಾಲಿನ ಕೊನೆಯನ್ನು ಎತ್ತಿ ಹಿಡಿಯುತ್ತಾರೆ. ಆ ಸೊಲ್ಲು ಮುಗಿಯುವ ಮೊದಲೇ ಮುಂದಿನ ಸಾಲು ಬಂದು ಅದರ ಮೇಲೆ ಬೀಳಬೇಕು. ಪದ ಪಲ್ಲದಿಂದ ಹೊರಟು, ಚಾಲಿನಲ್ಲಿ ನಡೆದು, ಏರಿನಲ್ಲಿ ಬಿಗಿದು, ಇಳುವಿನಲ್ಲಿ ಸಡಿಲಗೊಂಡು, ಕೂಡುಪಲ್ಲದಲ್ಲಿ ಮೊದಲಿನ ಧಾಟಿಗೆ ಬಂದು ಸೇರುತ್ತದೆ. ಬೀಸುವ ಕಲ್ಲ ಮುಂದಿನ ತ್ರಿಪದಿಯಲ್ಲಿ ಅಕ್ಷರಗಳು ದನಿಯ ಅನುಕೂಲಕ್ಕೆ ತಕ್ಕಂತೆ ಹಿಗ್ಗಿ ಕುಗ್ಗುವುವು. ಲಾವಣಿಯಲ್ಲಿ ಡಪ್ಪಿನ ಪೆಟ್ಟು ಮಾತ್ರೆಗಳನ್ನು ಎಣಿಸಿ ಕೂರಿಸುತ್ತದೆ. ಹಾಡಕಿಯ ಕವಿ ಇವೆರಡನ್ನೂ ಬಲ್ಲವನು. ಚಾಲಿನಲ್ಲಿ ಎಣಿಕೆ ತಪ್ಪದ ಮಾತ್ರೆಗಳನ್ನು ಓಡಿಸಿ, ಪೆಟ್ಟು ನಿಂತ ಒಂದು ಕ್ಷಣದಲ್ಲಿ ಹಳೆಯ ಗರತಿಯ ದನಿಯಂತೆ ಒಂದು ಪದವನ್ನು ಎಳೆದು, ಮತ್ತೆ ಪೆಟ್ಟಿಗೆ ಬಂದು ಸೇರುವ ಆ ಜಾಣ್ಮೆಯಲ್ಲಿ ಮರಾಠಿ ಲಾವಣಿ ಕನ್ನಡದ್ದಾಯಿತು.

ಇನ್ನು ರಾತ್ರಿಯ ಕ್ರಮ. ಊರವರು ಪಟ್ಟಿ ಹಾಕಿ, ಹಿರಿಯರು ಎರಡೂ ಮೇಳಗಳಿಗೆ ವೀಳ್ಯ ಕೊಟ್ಟು ಕರೆಸುತ್ತಾರೆ. ಗಣಪತಿಯ ಸ್ತುತಿ, ಗುರುವಿಗೆ ನಮನ, ಕೂಡಿದ ದೈವಕ್ಕೆ ಶರಣು; ಅಲ್ಲಿಗೆ ಸೌಜನ್ಯ ಮುಗಿಯಿತು. ಒಂದು ಮೇಳದವರು ಸವಾಲು ಹಾಕುತ್ತಾರೆ, ಇನ್ನೊಂದು ಮೇಳದವರು ಅದೇ ಧಾಟಿಯಲ್ಲಿ ಜವಾಬು ಕೊಟ್ಟು, ತಮ್ಮದೊಂದು ಸವಾಲನ್ನು ಬಿಟ್ಟು ಕೆಳಗೆ ಕೂಡುತ್ತಾರೆ. ಬೀಜವಿಲ್ಲದ ಹೊಲ ಏನು ಬೆಳೆದೀತೆಂದು ಹರದೇಶಿ ಕೇಳಿದರೆ, ಹೊಲವಿಲ್ಲದ ಬೀಜ ಹಗೇವಿನಲ್ಲಿ ಹುಳಹಿಡಿದು ಹೋದೀತೆಂದು ನಾಗೇಶಿ ಉತ್ತರಿಸುತ್ತದೆ. ಶಕ್ತಿಯಿಲ್ಲದ ಶಿವನು ಶವವೆಂದು ನಾಗೇಶಿ ಸಾರಿದರೆ, ಶಿವನ ದೇಹದ ಅರ್ಧವನ್ನು ಬೇಡಿ ಪಡೆದವಳು ಯಾರೆಂದು ಹರದೇಶಿ ಹಂಗಿಸುತ್ತದೆ. ನಡುರಾತ್ರಿಯವರೆಗೆ ಪುರಾಣದ ಒಗಟುಗಳು. ನಡುರಾತ್ರಿ ಕಳೆದು ಮಕ್ಕಳು ನಿದ್ದೆ ಹೋದ ಮೇಲೆ ಶೃಂಗಾರ ಮತ್ತು ಚೇಷ್ಟೆ. ಎದುರಾಳಿಯನ್ನು ತಮ್ಮನೆಂದೋ ತಂಗಿಯೆಂದೋ ಕರೆದು, ಆ ವಾತ್ಸಲ್ಯದ ಸಂಬೋಧನೆಯೊಳಗೇ ಮುಳ್ಳನ್ನು ಅಡಗಿಸಿ ಚುಚ್ಚುವುದು. ಮೆಚ್ಚಿದವರು ಎದ್ದುಬಂದು ಆಯೇರ ಮಾಡುತ್ತಾರೆ. ಜವಾಬು ತೋಚದೆ ಬೇರೆ ಪದವನ್ನು ಎತ್ತಿಕೊಂಡವನನ್ನು ಕಂಬಳಿಯ ಮೇಲೆ ಕುಳಿತ ಮುದುಕರು ಕೂಡಲೆ ಹಿಡಿಯುತ್ತಾರೆ; ಆ ಅಪಕೀರ್ತಿ ಅವನಿಗಿಂತ ಮೊದಲೇ ಮುಂದಿನ ಜಾತ್ರೆಯನ್ನು ತಲಪಿರುತ್ತದೆ.

ಆದುದರಿಂದಲೇ ಪದದ ವಹಿಯನ್ನು ಮೇಳದವರು ಪರರ ಕಣ್ಣಿಗೆ ಬೀಳದಂತೆ ಕಾಯ್ದುಕೊಂಡು ಬಂದರು. ಎದುರಾಳಿ ಅರಿಯದ ಕಥೆ ಬೇಕು, ಎದುರಾಳಿ ಕೇಳಿರದ ಚಾಲು ಬೇಕು. ಭಜನೆಯ ಧಾಟಿ, ರಿವಾಯತದ ಧಾಟಿ, ಕಂಪನಿ ನಾಟಕದ ರಂಗಗೀತೆಯ ಧಾಟಿ, ಮುಂದೆ ಸಿನಿಮಾದ ಧಾಟಿ ಒಂದೊಂದಾಗಿ ಹಾಡಕಿಯೊಳಗೆ ಹೊಕ್ಕುದು ಈ ಅವಸರದಿಂದ. ಇದು ನಮ್ಮ ಸೀಮೆಗೇ ವಿಶಿಷ್ಟವಾದುದೆಂದು ಬೀಗಬೇಕಾಗಿಲ್ಲ. 1950ರ ದಶಕದ ಜಮೈಕಾದಲ್ಲಿ, ಕಿಂಗ್‌ಸ್ಟನ್ ನಗರದ ಬೀದಿಗಳಲ್ಲಿ ದೊಡ್ಡ ದೊಡ್ಡ ಸ್ಪೀಕರುಗಳನ್ನು ನಿಲ್ಲಿಸಿ ಅಮೆರಿಕದ ರೆಕಾರ್ಡುಗಳನ್ನು ಹಾಕಿ ಜನರನ್ನು ಕುಣಿಸುತ್ತಿದ್ದ ಕಾಕ್ಸನ್ ಡಾಡ್, ಡ್ಯೂಕ್ ರೀಡ್ ಮೊದಲಾದವರ ನಡುವೆ ಇಂಥದೇ ಕದನ ನಡೆದಿತ್ತು. ತಮ್ಮ ರೆಕಾರ್ಡಿನ ಹೆಸರು ಎದುರಾಳಿಗೆ ತಿಳಿಯಬಾರದೆಂದು ಅದರ ಮೇಲಿನ ಚೀಟಿಯನ್ನೇ ಕೆರೆದು ತೆಗೆಯುತ್ತಿದ್ದರಂತೆ. ಯಾರಲ್ಲಿಯೂ ಇಲ್ಲದ ಹಾಡು ಬೇಕೆಂಬ ಆತುರದಲ್ಲಿ ಅವರು ಊರ ಹಾಡುಗಾರರಿಂದಲೇ ಹೊಸ ಹಾಡುಗಳನ್ನು ಮಾಡಿಸತೊಡಗಿದರು. ಅಲ್ಲಿಂದ ಸ್ಕಾ ಹುಟ್ಟಿ, 1968ರ ಸುಮಾರಿಗೆ ಅದು ರೆಗೆಯಾಗಿ ಪರಿಣಮಿಸಿತು. ಅತ್ತ ಕೊಲಂಬಿಯದಲ್ಲಿ, ಮೂಲನಿವಾಸಿಗಳ ಕೊಳಲು, ಆಫ್ರಿಕದಿಂದ ಬಂದ ದಾಸರ ಮದ್ದಳೆ, ಸ್ಪ್ಯಾನಿಷ್ ನುಡಿ ಈ ಮೂರರ ಕೂಡಿಕೆಯಿಂದ ಬಂದ ಕುಂಬಿಯಾದ ನೆರೆಯಲ್ಲಿಯೇ ವಲ್ಲೆನಾತೊ ಎಂಬ ಹಾಡಿನ ಪ್ರಕಾರವಿದೆ. ಅದರ ಹಾಡುಗಾರರು ಪಿಕೇರಿಯಾ ಎಂಬ ಆಶುಪದ್ಯಗಳ ಕಾಳಗಕ್ಕೆ ಇಳಿಯುತ್ತಾರೆ, ಸೈತಾನನನ್ನೇ ಹಾಡಿನಲ್ಲಿ ಸೋಲಿಸಿದ ಫ್ರಾನ್ಸಿಸ್ಕೊನ ಕಥೆಯನ್ನು ಹೆಮ್ಮೆಯಿಂದ ಹೇಳುತ್ತಾರೆ. ತುಕನಗಿರಿ-ಶಹಾಅಲಿಯರಿಗೆ ಆ ನಾಡು ಅಪರಿಚಿತವೆನಿಸದು.

ಈಗ ಹಲಸಂಗಿಗೆ ಬರೋಣ. ಹಿಂದೆ ಇಂಡಿ ತಾಲೂಕಿಗೆ ಸೇರಿದ್ದು ಈಗ ಚಡಚಣಕ್ಕೆ ಸೇರಿರುವ ಈ ಹಳ್ಳಿಯ ಹೆಸರು ಕನ್ನಡ ಸಾಹಿತ್ಯದಲ್ಲಿ ನಿಂತುದು 1920ರ ದಶಕದಲ್ಲಿ ಅಲ್ಲಿ ನೆರೆದ ಗೆಳೆಯರ ಬಳಗದಿಂದ. ಮಧುರಚೆನ್ನರೆಂದು ಪ್ರಸಿದ್ಧರಾದ ಚೆನ್ನಮಲ್ಲಪ್ಪ ಗಲಗಲಿಯವರು, ಚಡಚಣದಲ್ಲಿ ಹುಟ್ಟಿ ಶಾಲಾಮಾಸ್ತರರಾಗಿದ್ದ ಸಿಂಪಿ ಲಿಂಗಣ್ಣನವರು, ಕಾಪಸೆ ರೇವಪ್ಪನವರು, ಧೂಲಾಸಾಹೇಬರು, ಇವರೆಲ್ಲ ಆಗ ಇಪ್ಪತ್ತರ ಆಸುಪಾಸಿನ ತರುಣರು. ಆದರೆ ಆ ಹಳ್ಳಿ ಅದಕ್ಕೂ ಮೊದಲೇ ಮೇಳದವರ ವಲಯದಲ್ಲಿ ಹೆಸರು ಮಾಡಿತ್ತು. ಲಾವಣಿಕಾರ ಖಾಜಾಭಾಯಿ ಹಲಸಂಗಿಯವನು. ಜೋಡಿಯಾಗಿಯೇ ನೆನೆಯಲಾಗುವ ಸಿದ್ದು-ಶಿವಲಿಂಗರೂ ಹಲಸಂಗಿಯವರೇ. ಮುಂದೆ ಅರವಿಂದರ ಯೋಗಕ್ಕೆ ಮನಸೋತು ‘ನನ್ನ ನಲ್ಲ’ದಂಥ ಅನುಭಾವ ಕಾವ್ಯವನ್ನು ಬರೆದ ಮಧುರಚೆನ್ನರ ಕಿವಿ ಮೊದಲು ತುಂಬಿದುದು ಮನೆಯ ಹೆಂಗಸರ ಹಾಡುಗಳಿಂದ ಮತ್ತು ಕಟ್ಟೆಯ ಮೇಲಿನ ಲಾವಣಿಗಳಿಂದ.

ಕಾಲವೂ ಅನುಕೂಲವಾಗಿತ್ತು. ಬಿಜಾಪುರದಲ್ಲಿ ವಕೀಲಿ ಮಾಡುತ್ತಿದ್ದ ಫ. ಗು. ಹಳಕಟ್ಟಿಯವರು ಮನೆಮನೆಯ ಜಗುಲಿಯ ಮೇಲಿನ ತಾಳೆಗರಿಯ ಕಟ್ಟುಗಳನ್ನು ಅರಸಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಅಚ್ಚು ಹಾಕಿಸಿ, ಬಸವನ ಬಾಗೇವಾಡಿಯ ಬಸವಣ್ಣನನ್ನು ನಾಡಿಗೆ ಮರಳಿ ಕೊಟ್ಟಿದ್ದರು. ಹಲಸಂಗಿಯ ಗೆಳೆಯರು ಗರಿಯನ್ನು ಬಿಟ್ಟು ಕೊರಳನ್ನು ಅರಸಿದರು. 1931ರಲ್ಲಿ ‘ಗರತಿಯ ಹಾಡು’ ಬಂದಿತು; ಬಿ. ಎಂ. ಶ್ರೀಕಂಠಯ್ಯನವರ ಮುನ್ನುಡಿಯೊಡನೆ ಬಂದ ಆ ಸಂಕಲನ, ಬೀಸುವ ಕಲ್ಲಿನ ಮುಂದೆ ಕುಳಿತ ಹೆಣ್ಣುಮಗಳನ್ನು ಕವಿಗಳ ಸಾಲಿನಲ್ಲಿ ಕೂರಿಸಿತು. 1935ರಲ್ಲಿ ರೇವಪ್ಪನವರ ‘ಮಲ್ಲಿಗೆ ದಂಡೆ’ ಬಂದಿತು. ಇವೆರಡರ ನಡುವೆ, 1933ರಲ್ಲಿ, ಧೂಲಾಸಾಹೇಬರ ದುಡಿಮೆಯಿಂದ ಬಂದ ಲಾವಣಿಗಳ ಸಂಗ್ರಹ ‘ಜೀವನ ಸಂಗೀತ’. ಮೂರು ಪುಸ್ತಕಗಳಲ್ಲಿ ನನ್ನ ಗೌರವ ಹೆಚ್ಚು ಸಲ್ಲುವುದು ಈ ‘ಜೀವನ ಸಂಗೀತ’ಕ್ಕೆ. ಗರತಿಯ ಹಾಡನ್ನು ಮೆಚ್ಚಲು ಯಾರಿಗೂ ಧೈರ್ಯ ಬೇಕಾಗಿರಲಿಲ್ಲ; ತಾಯಿ, ತವರು, ತೊಟ್ಟಿಲುಗಳನ್ನು ಕುರಿತ ತ್ರಿಪದಿಯ ಮುಂದೆ ಎಂಥ ಪಂಡಿತನೂ ಕರಗುತ್ತಾನೆ. ಲಾವಣಿಯೆಂದರೆ ಪೋಲಿಗಳ ಪದ, ಅದನ್ನು ಹಾಡುವ ಕಟ್ಟೆ ಮನೆಯ ಹುಡುಗರು ಹತ್ತಿರ ಸುಳಿಯಬಾರದ ಸ್ಥಳವೆಂದು ಓದಿದವರು ಮೂಗು ಮುರಿಯುತ್ತಿದ್ದ ದಿನಗಳಲ್ಲಿ, ಅದೂ ಕಾವ್ಯವೇ, ಅದರಲ್ಲಿಯೂ ಜೀವನದ ಸಂಗೀತವಿದೆ ಎಂದು ಪುಸ್ತಕದ ಹೆಸರಿನಲ್ಲಿಯೇ ಸಾರಿ ಹೇಳುವುದಕ್ಕೆ ಎದೆಗಾರಿಕೆ ಬೇಕಾಗಿತ್ತು. ಹಲಸಂಗಿಯವರ ಗೆಳೆಯರಾದ ದ. ರಾ. ಬೇಂದ್ರೆಯವರ ಕಾವ್ಯದಲ್ಲಿ ಲಾವಣಿಯ ಲಯ ಎಷ್ಟು ಆಳಕ್ಕೆ ಇಳಿದಿದೆಯೆಂಬುದನ್ನು ಅವರ ಕವಿತೆಗಳನ್ನು ಗಟ್ಟಿಯಾಗಿ ಓದಿದ ಎಲ್ಲರೂ ಬಲ್ಲರು.

ಆದರೂ ಒಂದು ಕೊರತೆಯನ್ನು ಹೇಳದೆ ಬಿಡಲಾರೆ. ಪುಸ್ತಕಕ್ಕೆ ಬಂದುದು ಮಾತು ಮಾತ್ರ. ಡಪ್ಪಿನ ಪೆಟ್ಟು, ಚಾಲಿನ ಓಟ, ಹಿಮ್ಮೇಳದ ಸೊಲ್ಲು ಇವೆಲ್ಲ ಹೊರಗೆ ಉಳಿದುವು. ಅದಕ್ಕಿಂತ ಹೆಚ್ಚಾಗಿ, ಎದುರು ನಿಂತ ಮೇಳ ಹೊರಗೆ ಉಳಿಯಿತು. ಲಾವಣಿಯೊಂದನ್ನು ಬಿಡಿ ಕವಿತೆಯೆಂದು ಓದಿದಾಗ ನಮಗೆ ಅಸಂಬದ್ಧವೆಂದೋ ಅತಿಯೆಂದೋ ತೋರುವ ಸಾಲುಗಳು ಎಷ್ಟೋ ವೇಳೆ ಹಿಂದಿನ ಸವಾಲಿಗೆ ಕೊಟ್ಟ ನೇರ ಉತ್ತರಗಳು. ಸವಾಲು ಕಳೆದುಹೋದ ಮೇಲೆ ಜವಾಬು ಗಾಳಿಯಲ್ಲಿ ತೂಗುತ್ತದೆ. ಇದು ಆ ಗೆಳೆಯರ ತಪ್ಪೆಂದು ನಾನು ಎಣಿಸುವುದಿಲ್ಲ. ದನಿಯನ್ನು ಹಿಡಿಯುವ ಯಂತ್ರ ಹಳ್ಳಿಯ ಮಾಸ್ತರರ ಕೈಗೆ ಎಟುಕುವ ಕಾಲ ಅದಾಗಿರಲಿಲ್ಲ.

ಅದೇ ವರ್ಷಗಳಲ್ಲಿ ಹಾಡಕಿಗೆ ಹೊಸದೊಂದು ವಸ್ತು ದೊರೆಯಿತು: ಸ್ವಾತಂತ್ರ್ಯದ ಹೋರಾಟ. 1930ರ ಮೇ ತಿಂಗಳಲ್ಲಿ ಸೊಲ್ಲಾಪುರದಲ್ಲಿ ಸರಕಾರ ಲಷ್ಕರಿ ಕಾಯಿದೆಯನ್ನು ಸಾರಿತು. 1931ರ ಜನವರಿ 12ರಂದು ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಶ್ರೀಕೃಷ್ಣ ಸಾರಡಾ, ಜಗನ್ನಾಥ ಶಿಂದೆ ಎಂಬ ನಾಲ್ವರನ್ನು ಗಲ್ಲಿಗೇರಿಸಿತು. ದಕ್ಷಿಣದಲ್ಲಿ, ಬಾಗೇವಾಡಿಯ ಸೀಮೆಗೆ ಸೇರಿದ ಆಲಮಟ್ಟಿಯಲ್ಲಿ, ಹರ್ಡೇಕರ ಮಂಜಪ್ಪನವರು 1927ರಿಂದ ವಿದ್ಯಾಲಯವನ್ನು ನಡೆಸುತ್ತ ಖಾದಿಯನ್ನೂ ಬಸವತತ್ತ್ವವನ್ನೂ ಒಟ್ಟಿಗೆ ಬೋಧಿಸುತ್ತಿದ್ದರು. ಅಕ್ಷರ ಬಾರದ ಹಳ್ಳಿಗಳಿಗೆ ಈ ಸುದ್ದಿಗಳನ್ನೂ ಬೋಧೆಗಳನ್ನೂ ಒಯ್ಯಲು ಮೇಳಕ್ಕಿಂತ ಸಮರ್ಥವಾದ ವಾಹನ ಬೇರೊಂದಿರಲಿಲ್ಲ. ಚರಕ, ಗಾಂಧಿ, ಹೆಂಡದಂಗಡಿ, ಸಾಹುಕಾರನ ಬಡ್ಡಿ ಎಲ್ಲವೂ ಗೀಗೀ ಪದದ ವಸ್ತುವಾದುವು. ಇಲ್ಲಿಯೂ ದ್ವಂದ್ವದ ಚೌಕಟ್ಟು ಕೆಲಸಕ್ಕೆ ಬಂದಿತು: ಒಂದು ಮೇಳ ಖಾದಿಯ ಪಕ್ಷ ಹಿಡಿದರೆ ಇನ್ನೊಂದು ಮೇಳ ಗಿರಣಿಯ ಸೀರೆಯ ಪಕ್ಷ ಹಿಡಿದು, ಎರಡೂ ವಾದವನ್ನು ಜನ ಕೇಳುವಂತಾದರೆ, ಭಾಷಣಕ್ಕೆ ಇಲ್ಲದ ಬಲ ಹಾಡಿಗೆ ಬಂದೀತು.

1950ರ ಜನವರಿ 8ರಂದು ಧಾರವಾಡದ ಆಕಾಶವಾಣಿ ತೊಡಗಿತು. 1956ರ ನವೆಂಬರ್ 1ರಂದು ಬಿಜಾಪುರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ರೇಡಿಯೋ ಮೇಳದವರಿಗೆ ಗೌರವವನ್ನು ತಂದಿತು, ಅವಧಿಯನ್ನು ಕಡಿಮೆ ಮಾಡಿತು; ಇರುಳಿಡೀ ಬೆಳೆಯುವ ವಾದವನ್ನು ಕೆಲವು ನಿಮಿಷಗಳಿಗೆ ಕತ್ತರಿಸಿದಾಗ ಉಳಿಯುವುದು ಮಾದರಿಯ ತುಣುಕು. ರಾಜ್ಯದ ಹೊಸ ಎಲ್ಲೆಯಾದರೋ ಹಾಡಕಿಯನ್ನು ಅಷ್ಟಾಗಿ ಬಾಧಿಸಲಿಲ್ಲ. ಜತ್ತ, ಅಕ್ಕಲಕೋಟೆ, ಮಂಗಳವೇಢೆಗಳ ಕನ್ನಡ ಹಳ್ಳಿಗಳು ಮಹಾರಾಷ್ಟ್ರದಲ್ಲಿ ಉಳಿದರೂ ಅಲ್ಲಿಯ ಜಾತ್ರೆಗಳಿಗೆ ಇಂಡಿಯ ಮೇಳಗಳು ಹೋಗುವುದು ನಿಲ್ಲಲಿಲ್ಲ. ಮಂಗಳವೇಢೆ ಸೀಮೆಯ ಹುಲಜಂತಿಯಲ್ಲಿ ದೀಪಾವಳಿಗೆ ನಡೆಯುವ ಮಾಳಿಂಗರಾಯನ ಜಾತ್ರೆಗೂ, ಬಿಜಾಪುರದ ಹತ್ತಿರದ ಅರಕೇರಿಯ ಅಮೋಘಸಿದ್ಧನ ಗುಡ್ಡಕ್ಕೂ ಹಾಲುಮತದವರು ಡೊಳ್ಳು ಹೊತ್ತು ನಡೆಯುವಾಗ ಅವರ ನಡುವೆ ಮರಾಠಿಯೂ ಕನ್ನಡವೂ ಸಮವಾಗಿ ಕೇಳಿಬರುತ್ತವೆ. ಅವರ ಡೊಳ್ಳಿನ ಪದಗಳಲ್ಲಿಯೂ ಎದುರುಬದುರು ನಿಂತು ಪ್ರಶ್ನೆ ಕೇಳುವ ಪದ್ಧತಿ ಉಂಟು.

ಕಳೆದ ಶತಮಾನದ ದೊಡ್ಡ ಪಲ್ಲಟವೆಂದರೆ ನಾಗೇಶಿಯ ಪಕ್ಷಕ್ಕೆ ಹೆಂಗಸರು ಬಂದುದು. ಮೊದಲು ದೇವಿಯ ಪರವಾಗಿ ವಾದಿಸುತ್ತಿದ್ದವರೂ ಗಂಡಸರೇ. ಇಪ್ಪತ್ತನೆಯ ಶತಮಾನದಲ್ಲಿ ಹೆಣ್ಣುಮಕ್ಕಳ ಮೇಳಗಳು ಕಟ್ಟೆ ಏರಿದುವು. ಅವರಲ್ಲಿ ಹೆಚ್ಚಿನವರು ಬಡ ಕುಲಗಳವರು. ಹಾಡಿಗೆ ಚಪ್ಪಾಳೆ ತಟ್ಟಿದ ಊರೇ ಮರುದಿನ ಅವರ ನಡತೆಯನ್ನು ಕುರಿತು ಕೊಂಕು ನುಡಿಯುತ್ತಿತ್ತು. ಆದರೆ ವಾದದ ಸ್ವರೂಪವೇ ಬದಲಾಯಿತೆಂಬುದನ್ನು ಯಾರೂ ಅಲ್ಲಗಳೆಯಲಾರರು. ಪ್ರಕೃತಿ ಮಿಗಿಲೆಂಬುದು ಗಂಡಸಿನ ಬಾಯಲ್ಲಿ ಸಾಂಖ್ಯಶಾಸ್ತ್ರದ ಮಾತು; ಹೊತ್ತು, ಹೆತ್ತು, ಹೊಲಕ್ಕೆ ಕೂಲಿ ಹೋಗಿ ಬಂದು, ಡಪ್ಪು ಹಿಡಿದು ನಿಂತ ಹೆಂಗಸಿನ ಬಾಯಲ್ಲಿ ಅದು ಸಾಕ್ಷ್ಯ. ಹರದೇಶಿಯವನು ಪುರಾಣದಿಂದ ಉತ್ತರ ಕೊಡಬಹುದು. ಆ ಉತ್ತರಕ್ಕೆ ಮೊದಲಿನಷ್ಟು ತೂಕ ಇರದು.

ಸರಕಾರವೂ ಹಾಡಕಿಯನ್ನು ಕರೆಯಿತು. ಕುಟುಂಬ ಯೋಜನೆ, ಸಣ್ಣ ಉಳಿತಾಯ, 1990ರ ದಶಕದ ಸಾಕ್ಷರತೆಯ ಆಂದೋಲನ, ಒಂದೊಂದಕ್ಕೂ ಗೀಗೀ ಪದಗಳು ಕಟ್ಟಲ್ಪಟ್ಟುವು. ಕಲಾವಿದರಿಗೆ ನಾಲ್ಕು ಕಾಸು ಸಿಕ್ಕಿದುದು ಒಳ್ಳೆಯದೇ. ಆದರೆ ಆ ಪದಗಳು ಜನರ ನಾಲಗೆಯ ಮೇಲೆ ನಿಲ್ಲಲಿಲ್ಲ. ಕಾರಣ ಸ್ಪಷ್ಟ: ಅಲ್ಲಿ ಒಂದೇ ಮೇಳ. ಅನಕ್ಷರಸ್ಥನ ಪಕ್ಷವನ್ನು ಹಿಡಿದು, ಓದಿದ ನಿನ್ನ ಮಗ ಹೊಲ ಬಿಟ್ಟು ಓಡಿಹೋದನಲ್ಲ ಎಂದು ಕೇಳುವ ಎದುರಾಳಿ ಅಲ್ಲಿರಲಿಲ್ಲ. ಉತ್ಸವಗಳ ಮೆರವಣಿಗೆಯಲ್ಲಿ ರೇಶಿಮೆಯ ರುಮಾಲು ಸುತ್ತಿ ಹತ್ತು ನಿಮಿಷ ಹಾಡಿ ಹೋಗುವ ಮೇಳಗಳದೂ ಇದೇ ಅವಸ್ಥೆ. ನೋಟಕ್ಕೆ ಅಂದವಾಗಿರುವ ಆ ಪ್ರದರ್ಶನದಲ್ಲಿ ಸೋಲುವ ಭಯವಿಲ್ಲ, ಭಯವಿಲ್ಲದಲ್ಲಿ ಹೊಸ ಚಾಲೂ ಹುಟ್ಟದು.

ಸ್ಪೀಕರು ಬಂದ ಮೇಲೆ ಕೊರಳಿನ ಕಸುವಿಗೆ ಇದ್ದ ಬೆಲೆ ತಗ್ಗಿತು. ಕ್ಯಾಸೆಟ್ಟು ಬಂದ ಮೇಲೆ ಸವಾಲು-ಜವಾಬುಗಳ ಜೋಡಿಯೇ ಸಂತೆಯಲ್ಲಿ ಮಾರಾಟಕ್ಕೆ ದೊರೆಯಿತು. ಈಗ ಜಂಗಮ ದೂರವಾಣಿಯಲ್ಲಿ ಹರದೇಶಿ-ನಾಗೇಶಿಯ ಇಡೀ ರಾತ್ರಿಗಳು ಮುಂಬಯಿ, ಪುಣೆ, ಗೋವೆಗಳಿಗೆ ದುಡಿಯಲು ಹೋದ ಸಿಂದಗಿ, ಮುದ್ದೇಬಿಹಾಳದವರ ಗುಡಿಸಲುಗಳನ್ನು ತಲಪುತ್ತವೆ. ಹಾರ್ಮೋನಿಯಮ್ಮು ಸೇರಿತು, ಕೆಲವೆಡೆ ಕೀಬೋರ್ಡೂ ಸೇರಿತು. ಇದರಿಂದ ಹಾಡಕಿ ಕೆಟ್ಟಿತೆಂದು ಗೋಳಾಡುವವರು, ಒಂದು ಕಾಲಕ್ಕೆ ಸೊಲ್ಲಾಪುರದ ತಮಾಷೆಯೂ ಇಲ್ಲಿಗೆ ಹೊಸತಾಗಿಯೇ ಬಂದಿತ್ತೆಂಬುದನ್ನು ಮರೆಯುತ್ತಾರೆ. ನನಗೆ ಗಣನೀಯವಾಗಿ ತೋರುವ ವ್ಯತ್ಯಾಸ ಬೇರೆ. ವಹಿಯಲ್ಲಿ ಮುಚ್ಚಿಟ್ಟು ಮೂರು ಜಾತ್ರೆಗಳ ವರೆಗೆ ಕಾಯ್ದುಕೊಳ್ಳುತ್ತಿದ್ದ ಸವಾಲು ಇಂದು ಹಾಡಿದ ಮರುದಿನವೇ ಎದುರು ಮೇಳದವರ ಕೈಯಲ್ಲಿರುತ್ತದೆ; ಮುಂದಿನ ಊರಿಗೆ ಅವರು ಜವಾಬನ್ನು ಕಟ್ಟಿಕೊಂಡೇ ಬರುತ್ತಾರೆ. ಹೀಗಾಗಿ ಪ್ರತಿ ಜಾತ್ರೆಗೂ ಹೊಸ ಪದ ಕಟ್ಟಿಕೊಡಬಲ್ಲ ಕವಿಯ ಅಗತ್ಯ ಮೇಳಗಳಿಗೆ ಖಾಜಾಭಾಯಿಯ ಕಾಲಕ್ಕಿಂತ ಈಗ ಹೆಚ್ಚಾಗಿದೆ.